ಹೈಸ್ಕೂಲ್ ಪಾಠಗಳಲ್ಲಿ ಮುಂದೆ ಕೈ ಹಿಡಿಯುವುದು ಯಾವುದು?

"ಸೈನ್ ಥೀಟಾ ಕಲಿಸಿದರು, ತೆರಿಗೆ ಕಟ್ಟೋದು ಹೇಗೆ ಅಂತ ಕಲಿಸಲಿಲ್ಲ." ದೊಡ್ಡವರು ನಾಲ್ಕು ಜನ ಸೇರಿ ಹೈಸ್ಕೂಲ್ ದಿನಗಳ ಮಾತು ತೆಗೆದರೆ ಈ ದೂರು ಬಂದೇ ಬರುತ್ತದೆ. ಕೇಳಿದವರೂ ಹೌದು ಹೌದು ಅಂತ ತಲೆಯಾಡಿಸುತ್ತಾರೆ. ಸಾಲದ ಅರ್ಜಿ ತುಂಬುವಾಗ ಸೈನ್ ಥೀಟಾ ಯಾರಿಗೆ ಬೇಕಾಗುತ್ತದೆ, ಅಲ್ವಾ?

ಈ ದೂರು ಈಗ ಬರೀ ಹರಟೆಯಾಗಿ ಉಳಿದಿಲ್ಲ. ಇಂಗ್ಲೆಂಡ್ 2014ರಿಂದ ಹೈಸ್ಕೂಲ್ ಮಕ್ಕಳ ಪೌರನೀತಿ ಪಾಠದೊಳಗೆ ಹಣಕಾಸಿನ ವಿಷಯವನ್ನು ತಂದಿದೆ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಹಣಕಾಸಿನ ಪಾಠ ಕಡ್ಡಾಯ. 15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನ ಅಳೆಯುವ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆ 2012ರಲ್ಲಿ ಹಣದ ತಿಳಿವಳಿಕೆಯನ್ನೂ ಅಳೆಯಲು ಶುರುಮಾಡಿತು. ತೆರಿಗೆ, ಸಾಲ, ವಿಮೆ, ಅಡುಗೆ, ಪ್ರಥಮ ಚಿಕಿತ್ಸೆ, ಮನಸ್ಸಿನ ಆರೋಗ್ಯ, ಈಗ ಎಐ. ಬದುಕಿಗೆ ಬೇಕಾದದ್ದನ್ನು ಶಾಲೆಯಲ್ಲೇ ಕಲಿಸಿ ಎನ್ನುವ ಪಟ್ಟಿ ವರ್ಷವರ್ಷವೂ ಉದ್ದವಾಗುತ್ತಿದೆ.

ಬೇಡಿಕೆಯಲ್ಲಿ ತಪ್ಪೇನಿಲ್ಲ. ಆದರೆ ಅದರ ಅಡಿಯಲ್ಲಿ ಒಂದು ನಂಬಿಕೆ ಇದೆ. ಪಾಠದ ಹೆಸರಿನಲ್ಲಿ ಬದುಕು ಇದ್ದರೆ ಅದು ಬದುಕಿಗೆ ಒದಗುತ್ತದೆ, ಹೆಸರಿನಲ್ಲಿ ಬೀಜಗಣಿತ ಇದ್ದರೆ ಒದಗುವುದಿಲ್ಲ ಎನ್ನುವ ನಂಬಿಕೆ. ಇದು ನಿಜವೇ ಎಂದು ಕೆಲವರು ಲೆಕ್ಕ ಹಾಕಿ ನೋಡಿದ್ದಾರೆ. ಬಂದ ಉತ್ತರ ಈ ದೂರು ಹೇಳುವವರಿಗೆ ಅಷ್ಟಾಗಿ ರುಚಿಸಲಾರದು.

ಅಮೆರಿಕದಲ್ಲಿ ಇಂಥ ಲೆಕ್ಕಕ್ಕೆ ಒಳ್ಳೆಯ ಅವಕಾಶ ತಾನಾಗಿಯೇ ಒದಗಿತ್ತು. ಕೆಲವು ರಾಜ್ಯಗಳು 1950ರ ದಶಕದ ಕೊನೆಯಿಂದಲೇ ಹಣಕಾಸಿನ ಪಾಠ ಕಡ್ಡಾಯ ಮಾಡುತ್ತಾ ಬಂದಿದ್ದವು, ಉಳಿದವು ಆ ಗೋಜಿಗೆ ಹೋಗಿರಲಿಲ್ಲ. 1983ರಲ್ಲಿ, ದೇಶದ ಶಾಲೆಗಳು ಹಿಂದೆ ಬೀಳುತ್ತಿವೆ ಎಂದು ಎಚ್ಚರಿಸುವ ಸರ್ಕಾರಿ ವರದಿಯೊಂದು ಬಂತು. ಅದಾದ ಮೇಲೆ ಹಲವು ರಾಜ್ಯಗಳು ಗಣಿತದ ಕಡ್ಡಾಯ ಕೋರ್ಸ್‌ಗಳನ್ನು ಹೆಚ್ಚಿಸಿದವು. ಅಂದರೆ ಒಂದು ಗುಂಪಿನ ಮಕ್ಕಳಿಗೆ ಹಣಕಾಸಿನ ಪಾಠ ಸಿಕ್ಕಿತು, ಇನ್ನೊಂದು ಗುಂಪಿಗೆ ಗಣಿತ ಜಾಸ್ತಿ ಸಿಕ್ಕಿತು. ಇಬ್ಬರೂ ಬೆಳೆದು ದೊಡ್ಡವರಾದ ಮೇಲೆ ಹಣವನ್ನು ಹೇಗೆ ನಿಭಾಯಿಸಿದರು ಎಂದು ಶಾನ್ ಕೋಲ್, ಅನ್ನಾ ಪಾಲ್ಸನ್ ಮತ್ತು ಗೌರಿ ಕಾರ್ತಿನಿ ಶಾಸ್ತ್ರಿ ಎಂಬ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಹಣಕಾಸಿನ ಪಾಠ ಕಡ್ಡಾಯವಾಗಿದ್ದ ರಾಜ್ಯಗಳಲ್ಲಿ ಓದಿದವರ ಹಣದ ವ್ಯವಹಾರದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಗಣಿತ ಜಾಸ್ತಿ ಓದಿದವರಲ್ಲಿ ಕಂಡಿತು. ಅವರು ಹೂಡಿಕೆಯಿಂದ ಹೆಚ್ಚು ಗಳಿಸಿದ್ದರು, ಸಾಲವನ್ನು ಚೆನ್ನಾಗಿ ತೀರಿಸಿದ್ದರು, ಸಾಲ ಕಟ್ಟಲಾಗದೆ ಮನೆ ಕಳೆದುಕೊಂಡವರು ಅವರಲ್ಲಿ ಕಡಿಮೆ.

ಇದಕ್ಕೂ ಎರಡು ವರ್ಷ ಮೊದಲು, 2014ರಲ್ಲಿ, ಇನ್ನೊಂದು ತಂಡ ಹಣಕಾಸಿನ ಶಿಕ್ಷಣದ ಬಗ್ಗೆ ಅದುವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತ್ತು. ಜನರ ಹಣದ ನಡವಳಿಕೆಯಲ್ಲಿರುವ ವ್ಯತ್ಯಾಸದ ಶೇ 0.1 ಭಾಗವನ್ನು ಮಾತ್ರ ಇಂಥ ಪಾಠಗಳು ವಿವರಿಸಬಲ್ಲವು ಎಂದು ಅದರ ಲೆಕ್ಕ. ಗಂಟೆಗಟ್ಟಲೆ ಕಲಿಸಿದ ಪಾಠವೂ 20 ತಿಂಗಳು ಕಳೆಯುವಷ್ಟರಲ್ಲಿ ನಡವಳಿಕೆಯಲ್ಲಿ ಗುರುತೇ ಇಲ್ಲದಂತೆ ಮಾಯವಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಹಣಕಾಸಿನ ಪಾಠಕ್ಕೆ ಅನ್ಯಾಯವಾಗುತ್ತದೆ. ಆಮೇಲೆ ಬಂದ ಅಧ್ಯಯನಗಳು ಅಷ್ಟು ಕಟುವಾಗಿಲ್ಲ. ಜಾರ್ಜಿಯಾ, ಐಡಹೋ ಮತ್ತು ಟೆಕ್ಸಸ್ ರಾಜ್ಯಗಳಲ್ಲಿ 2007ರ ನಂತರ ಈ ಪಾಠ ಕಡ್ಡಾಯವಾದಾಗ ಯುವಕರು ಸಾಲದ ಕಂತು ತಪ್ಪಿಸುವುದು ಕಡಿಮೆಯಾಯಿತು, ಅವರ ಕ್ರೆಡಿಟ್ ಸ್ಕೋರ್ ಏರಿತು. ಇದನ್ನು ಮೊದಲಿನ ಫಲಿತಾಂಶದ ಜೊತೆ ಇಟ್ಟು ನೋಡಿದರೆ ನನಗೆ ಗೊಂದಲ ಕಾಣುವುದಿಲ್ಲ. ಹದಿನೆಂಟು ತುಂಬಿದ ಕೂಡಲೇ ಕೈಗೆ ಬರುವ ಕ್ರೆಡಿಟ್ ಕಾರ್ಡ್, ಕಾಲೇಜು ಸಾಲ, ಇವುಗಳ ಬಗ್ಗೆ ಹದಿನೇಳರಲ್ಲಿ ಕಲಿತರೆ ನೆನಪು ಆರುವ ಮೊದಲೇ ಕೆಲಸ ಬೀಳುತ್ತದೆ. ಮನೆ ಸಾಲದ ಬಗ್ಗೆ ಹದಿನೈದರಲ್ಲಿ ಕಲಿತವರು ಅದನ್ನು ಬಳಸುವುದು ಮೂವತ್ತೈದರಲ್ಲಿ. ಅಷ್ಟರೊಳಗೆ ಫಾರ್ಮ್ ಬದಲಾಗಿರುತ್ತದೆ, ನಿಯಮ ಬದಲಾಗಿರುತ್ತದೆ, ಬ್ಯಾಂಕ್ ಮೊಬೈಲಿನೊಳಗೆ ಹೋಗಿರುತ್ತದೆ. ಶೇಕಡಾ ಲೆಕ್ಕ ಮಾತ್ರ ಹಾಗೇ ಇರುತ್ತದೆ.

ಹೈಸ್ಕೂಲ್ ಮುಗಿಸಿದವರಲ್ಲಿ ಒಂದೇ ಒಂದು ಪಾಠ ಉಳಿಯಲಿ ಎಂದು ಆರಿಸಬೇಕಾದರೆ ನಾನು ಈ ಶೇಕಡಾ ಪಾಠವನ್ನೇ ಆರಿಸುತ್ತೇನೆ. ನೋಡಲು ತೀರಾ ಸಣ್ಣದು, ಆರನೇ ಏಳನೇ ಕ್ಲಾಸಿನಲ್ಲೇ ಶುರುವಾಗುತ್ತದೆ, ಎಲ್ಲರಿಗೂ ಗೊತ್ತು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. 100 ಇದ್ದದ್ದು ಶೇ 50 ಇಳಿದು, ಆಮೇಲೆ ಶೇ 50 ಏರಿದರೆ ಎಷ್ಟಾಗುತ್ತದೆ? ಮತ್ತೆ 100 ಎನ್ನುವವರು ಈಗಲೂ ಸಾಕಷ್ಟು ಸಿಗುತ್ತಾರೆ. ಆಗುವುದು 75.

ಈ ಸಣ್ಣ ಪಾಠ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್‌ನಲ್ಲಿ 1995ರ ಅಕ್ಟೋಬರ್‌ನಲ್ಲಿ ನಡೆದ ಘಟನೆಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅಲ್ಲಿನ ಔಷಧ ಸುರಕ್ಷತೆಯ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು: ಹೊಸ ಬಗೆಯ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು. ಪತ್ರಿಕೆಗಳಿಗೆ, ಟಿವಿಗೆ ಅದು ಶೇ 100 ಹೆಚ್ಚಳವಾಯಿತು. ಹೆದರಿದ ಹೆಂಗಸರು ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಾದವು ಎಂದು ಅಂದಾಜು. ಈಗ ಆ ಎರಡು ಪಟ್ಟಿನ ಒಳಗೆ ಏನಿತ್ತು ನೋಡಿ. ಹಳೆಯ ಮಾತ್ರೆಯಲ್ಲಿ 7,000 ಹೆಂಗಸರಲ್ಲಿ ಒಬ್ಬರಿಗೆ ತೊಂದರೆ ಆಗುತ್ತಿತ್ತು, ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಶೇ 100 ಎನ್ನುವುದೂ ಸುಳ್ಳಲ್ಲ. ಆದರೆ ಯಾವುದರ ಶೇ 100 ಎಂದು ಕೇಳಲು ಬಾರದಿದ್ದರೆ ನಿಜವೇ ಸುಳ್ಳಿಗಿಂತ ಹೆಚ್ಚು ಕೆಡಿಸುತ್ತದೆ. ಇನ್ನೊಂದು ಮಾತು: ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯಿಂದ ಆಗುವುದಕ್ಕಿಂತಲೂ ಜಾಸ್ತಿ.

ಚಕ್ರಬಡ್ಡಿಯ ಕಥೆಯೂ ಹೀಗೇ. 100ನ್ನು ವರ್ಷಕ್ಕೆ ಶೇ 2ರ ಬಡ್ಡಿಗೆ ಇಟ್ಟರೆ 5 ವರ್ಷದ ಕೊನೆಗೆ 102ಕ್ಕಿಂತ ಹೆಚ್ಚು ಇರುತ್ತದೆಯೇ, ಸರಿಯಾಗಿ 102 ಇರುತ್ತದೆಯೇ, ಕಡಿಮೆಯೇ? ಅನ್ನಾಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಎಂಬ ಅರ್ಥಶಾಸ್ತ್ರಜ್ಞೆಯರು 2004ರಲ್ಲಿ 50 ದಾಟಿದ ಅಮೆರಿಕನ್ನರಿಗೆ ಕೇಳಿಸಿದ ಮೂರು ಪ್ರಶ್ನೆಗಳಲ್ಲಿ ಇದು ಮೊದಲನೆಯದು. ಇನ್ನೆರಡು ಬೆಲೆ ಏರಿಕೆಯ ಬಗ್ಗೆ ಮತ್ತು ಹೂಡಿಕೆಯನ್ನು ಹಂಚಿ ಇಡುವುದರ ಬಗ್ಗೆ. ಮೂರನ್ನೂ ಸರಿಯಾಗಿ ಹೇಳಿದವರು ಮೂರರಲ್ಲಿ ಒಬ್ಬರು. ಇವರೆಲ್ಲ ಅದಾಗಲೇ ಅರ್ಧ ಆಯುಸ್ಸು ಹಣದ ವ್ಯವಹಾರ ಮಾಡಿದ್ದವರು ಎನ್ನುವುದನ್ನು ಮರೆಯಬೇಡಿ. ಅನುಭವ ತಾನಾಗಿಯೇ ಎಲ್ಲವನ್ನೂ ಕಲಿಸುತ್ತದೆ ಎನ್ನುವ ಮಾತಿಗೆ ಇಲ್ಲಿ ಆಧಾರವಿಲ್ಲ.

ಹಾಗಾದರೆ ಗಣಿತ ಓದಿದವರೆಲ್ಲರಿಗೂ ಅದು ಉಳಿಯುತ್ತದೆಯೇ? ಇಲ್ಲ. ಯಾರಿಗೆ ಉಳಿಯುತ್ತದೆ ಎನ್ನುವುದೇ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ ಸಂಗತಿ. ಹ್ಯಾರಿ ಬಾಹ್ರಿಕ್ ಎಂಬ ಮನೋವಿಜ್ಞಾನಿ ದಶಕಗಳ ಕಾಲ ಇದನ್ನು ಬೆನ್ನುಹತ್ತಿದ್ದರು. ಶಾಲೆಯಲ್ಲಿ ಕಲಿತದ್ದು ಹತ್ತು, ಇಪ್ಪತ್ತು, ಐವತ್ತು ವರ್ಷದ ನಂತರ ಎಷ್ಟು ಉಳಿದಿರುತ್ತದೆ? 1984ರಲ್ಲಿ ಅವರು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತ 733 ಜನರನ್ನು ಪರೀಕ್ಷೆ ಮಾಡಿದ ಫಲಿತಾಂಶ ಪ್ರಕಟಿಸಿದರು. ಮೊದಲ ಮೂರರಿಂದ ಆರು ವರ್ಷ ಮರೆವು ಜೋರು. ಅಷ್ಟರಲ್ಲಿ ಹೋಗದೆ ಉಳಿದದ್ದು ಆಮೇಲೆ ಹೆಚ್ಚುಕಡಿಮೆ 30 ವರ್ಷ ಅಲ್ಲಾಡುವುದಿಲ್ಲ. 1991ರಲ್ಲಿ ಲಿಂಡಾ ಹಾಲ್ ಜೊತೆ ಸೇರಿ ಬೀಜಗಣಿತಕ್ಕೂ ಇದೇ ಪರೀಕ್ಷೆ ಮಾಡಿದರು. ಹೈಸ್ಕೂಲಿಗೇ ಗಣಿತ ನಿಲ್ಲಿಸಿದವರು, ಆಗ ಒಳ್ಳೆಯ ಅಂಕ ತೆಗೆದಿದ್ದರೂ, ದಶಕಗಳ ನಂತರ ಬೀಜಗಣಿತ ಕಲಿಯದೇ ಇದ್ದವರಿಗಿಂತ ಅಷ್ಟೇನೂ ಮುಂದಿರಲಿಲ್ಲ. ಕಾಲೇಜಿನಲ್ಲಿ ಕಲನಶಾಸ್ತ್ರದವರೆಗೆ (ಕ್ಯಾಲ್ಕುಲಸ್) ಓದಿದವರಿಗೆ ಮಾತ್ರ 50 ವರ್ಷ ಕಳೆದರೂ ಬೀಜಗಣಿತ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ನಡುವೆ ಅದನ್ನು ಬಳಸದೇ ಇದ್ದರೂ!

ಕಾರಣ ಬುದ್ಧಿವಂತಿಕೆ ಅಲ್ಲ, ಅಂಕವೂ ಅಲ್ಲ. ಕಲನಶಾಸ್ತ್ರದ ಒಂದೊಂದು ಲೆಕ್ಕ ಮಾಡುವಾಗಲೂ ಒಳಗೆ ಬೀಜಗಣಿತ ಬರುತ್ತದೆ. x ಅನ್ನು ಆ ಕಡೆ ತರುವುದು, ಆವರಣ ಬಿಡಿಸುವುದು, ಅಪವರ್ತನ ತೆಗೆಯುವುದು. ಯಾರೂ ಅದನ್ನು ಮತ್ತೆ ಕಲಿಸಲಿಲ್ಲ. ಮೂರು ನಾಲ್ಕು ವರ್ಷ ಬೇರೆ ಬೇರೆ ಪುಸ್ತಕದಲ್ಲಿ, ಬೇರೆ ಬೇರೆ ಮೇಷ್ಟ್ರ ಕೈಯಲ್ಲಿ ಅದೇ ಕೆಲಸ ಮಾಡಿಸಿದರು, ಅಷ್ಟೇ. ಅಂದರೆ ಒಂದು ಪಾಠ ಉಳಿಯಬೇಕಾದರೆ ಅದರ ಮೇಲೆ ಇನ್ನೊಂದು ಪಾಠ ಕೂರಬೇಕು. ಒಂದೇ ಸೆಮಿಸ್ಟರ್‌ನಲ್ಲಿ ಮುಗಿಸಿ, ಪರೀಕ್ಷೆ ಬರೆಸಿ, ಮತ್ತೆ ಎಲ್ಲೂ ಎತ್ತದ ವಿಷಯಕ್ಕೆ, ಅದರ ಹೆಸರು ಎಷ್ಟೇ ಚೆನ್ನಾಗಿರಲಿ, ಈ ಭಾಗ್ಯ ಇಲ್ಲ.

"ನನಗೆ ಆ ಕ್ಲಾಸ್ ಬಹಳ ಉಪಯೋಗವಾಯಿತು" ಎನ್ನುವವರ ಮಾತನ್ನು ಸ್ವಲ್ಪ ಜರಡಿ ಹಿಡಿದೇ ಕೇಳಬೇಕು. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿ 1924ರಲ್ಲೇ ಇದನ್ನು ತೋರಿಸಿದ್ದರು. ಲ್ಯಾಟಿನ್, ರೇಖಾಗಣಿತ ಓದಿದರೆ ಬುದ್ಧಿ ಚುರುಕಾಗುತ್ತದೆ ಎಂದು ಆಗಿನವರು ಗಟ್ಟಿಯಾಗಿ ನಂಬಿದ್ದರು. ಥಾರ್ನ್‌ಡೈಕ್ 8,000ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳಿಗೆ ವರ್ಷದ ಆರಂಭಕ್ಕೊಮ್ಮೆ, ಕೊನೆಗೊಮ್ಮೆ ಪರೀಕ್ಷೆ ಕೊಟ್ಟು ನೋಡಿದರು. ಯಾವ ವಿಷಯ ಓದಿದರು ಎನ್ನುವುದರಿಂದ ಯೋಚನಾ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ. ಮೊದಲೇ ಚುರುಕಾಗಿದ್ದ ಮಕ್ಕಳು ಲ್ಯಾಟಿನ್ ತೆಗೆದುಕೊಳ್ಳುತ್ತಿದ್ದರು, ಕೀರ್ತಿ ಲ್ಯಾಟಿನ್‌ಗೆ ಹೋಗುತ್ತಿತ್ತು. ಕೋಡಿಂಗ್ ಕ್ಲಾಸಿನ ಜಾಹೀರಾತು ನೋಡಿದಾಗ ನನಗೆ ಥಾರ್ನ್‌ಡೈಕ್ ನೆನಪಾಗುತ್ತಾರೆ.

ಕ್ಲಾಸಿನಿಂದ ಹೊರಗೆ ನಡೆದು ಬರುವ ಪಾಠಗಳೂ ಇವೆ. ಸಂಖ್ಯಾಶಾಸ್ತ್ರ ಅಂಥದ್ದು. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮಜವಾಗಿದೆ. ಅದು ನಡೆದದ್ದು ಕಾಲೇಜಿನಲ್ಲಿ, ಆದರೆ ಪಾಠ ಹೈಸ್ಕೂಲಿಗೂ ಒಗ್ಗುವಂಥದ್ದು. ಸಂಖ್ಯಾಶಾಸ್ತ್ರದ ಮೊದಲ ಕೋರ್ಸ್ ಓದುತ್ತಿದ್ದ ಹುಡುಗರಿಗೆ ಮನೆಗೆ ಫೋನ್ ಬರುತ್ತದೆ. ಕ್ರೀಡೆಯ ಬಗ್ಗೆ ಸಮೀಕ್ಷೆ ಮಾಡುತ್ತಿದ್ದೇವೆ, ಎರಡು ನಿಮಿಷ ಮಾತಾಡಬಹುದಾ ಅಂತ. ಕೋರ್ಸಿಗೂ ಫೋನಿಗೂ ಸಂಬಂಧ ಇದೆ ಎಂದು ಹುಡುಗರಿಗೆ ಗೊತ್ತಿಲ್ಲ. ಪ್ರಶ್ನೆಗಳ ನಡುವೆ ಒಂದು ಹೀಗಿತ್ತು: ಬೇಸ್‌ಬಾಲ್‌ನಲ್ಲಿ ಮೊದಲ ವರ್ಷವೇ ಅತ್ಯುತ್ತಮ ಹೊಸ ಆಟಗಾರ ಎಂದು ಪ್ರಶಸ್ತಿ ಪಡೆದವನು ಎರಡನೇ ವರ್ಷ ಸಾಮಾನ್ಯವಾಗಿ ಅಷ್ಟು ಚೆನ್ನಾಗಿ ಆಡುವುದಿಲ್ಲ, ಯಾಕೆ? ಕೋರ್ಸಿನ ಆರಂಭದಲ್ಲಿ ಫೋನ್ ಬಂದವರು ಹೆಚ್ಚಾಗಿ ಹೆಮ್ಮೆ ತಲೆಗೇರಿತು, ಸೋಮಾರಿಯಾದ ಎನ್ನುವ ಥರದ ಕಾರಣ ಕೊಟ್ಟರು. ಕೋರ್ಸಿನ ಕೊನೆಯಲ್ಲಿ ಫೋನ್ ಬಂದವರಲ್ಲಿ ಬೇರೆ ಉತ್ತರ ಹೇಳಿದವರು ಹೆಚ್ಚಿದ್ದರು. ಮೊದಲ ವರ್ಷ ಅದೃಷ್ಟವೂ ಜೊತೆಗಿತ್ತು, ಪ್ರಶಸ್ತಿ ಬಂದದ್ದೇ ಅದರಿಂದ, ಅದೃಷ್ಟ ಪ್ರತಿ ವರ್ಷ ಬರುವುದಿಲ್ಲ ಎಂದು. ಪಾಠದ ವಾಸನೆಯೇ ಇಲ್ಲದ ಜಾಗದಲ್ಲಿ ಪಾಠ ಕೆಲಸ ಮಾಡಿತ್ತು. ಕಚೇರಿಯಲ್ಲಿ ಒಂದು ತಿಂಗಳ ಅಂಕಿ ನೋಡಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಬೈಯುವ ಮೇಲಧಿಕಾರಿಗಳಿಗೆ ಈ ಕೋರ್ಸ್ ಯಾರಾದರೂ ಮಾಡಿಸಿದರೆ ಒಳ್ಳೆಯದು.

ತಲೆಯ ಲೆಕ್ಕ ಸಾಕು, ಕೈಯ ಕೆಲಸಕ್ಕೆ ಬರೋಣ. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಹಿಡಿದಿಡುವ ಕ್ರಮ, ಕಲಿಸುವುದನ್ನು ಕಡ್ಡಾಯ ಮಾಡಿತು. ಮರುವರ್ಷ ಡ್ರೈವಿಂಗ್ ಲೈಸೆನ್ಸ್‌ಗೂ ಅದನ್ನು ಸೇರಿಸಿತು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಶೇ 21ರಷ್ಟು ಮಂದಿಗೆ ಮಾತ್ರ ಹತ್ತಿರ ಇದ್ದವರು ಸಿಪಿಆರ್ ಕೊಡುತ್ತಿದ್ದರು. 2010ರ ಹೊತ್ತಿಗೆ ಅದು ಶೇ 45ಕ್ಕೆ ಬಂತು. ಅದೇ ಅವಧಿಯಲ್ಲಿ ಒಂದು ತಿಂಗಳು ದಾಟಿ ಬದುಕಿದವರ ಪ್ರಮಾಣ ಶೇ 3.5ರಿಂದ ಶೇ 10.8ಕ್ಕೆ ಏರಿತು. ಪೂರ್ತಿ ಪುಣ್ಯ ಶಾಲೆಯದೇ ಎಂದು ಯಾರೂ ಹೇಳಿಲ್ಲ. ಅದೇ ಕಾಲಕ್ಕೆ ಆಂಬ್ಯುಲೆನ್ಸ್ ವ್ಯವಸ್ಥೆ ಸುಧಾರಿಸಿತು, ಹೃದಯಕ್ಕೆ ಶಾಕ್ ಕೊಡುವ ಯಂತ್ರಗಳು ಸಾರ್ವಜನಿಕ ಜಾಗಗಳಿಗೆ ಬಂದವು. ಆದರೂ ಈ ಪಾಠದ ಗುಣ ಗಮನಿಸಿ. ಎದೆಯ ನಡುವೆ ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಕೆಲವೇ ಗಂಟೆಗಳಲ್ಲಿ ಕಲಿಸಬಹುದು. ಓದಿ ಬರುವುದಲ್ಲ, ಗೊಂಬೆಯ ಮೇಲೆ ಒತ್ತಿಯೇ ಕಲಿಯಬೇಕು. ಮರೆತೂ ಹೋಗುತ್ತದೆ. ಅದಕ್ಕೇ ಡೆನ್ಮಾರ್ಕ್ ಶಾಲೆಗೆ ಬಿಟ್ಟು ಸುಮ್ಮನಾಗದೆ ಲೈಸೆನ್ಸ್ ತೆಗೆಯುವಾಗ ಇನ್ನೊಮ್ಮೆ ಕೈಗೆ ಹತ್ತಿಸಿತು.

ಟೈಪಿಂಗ್ ಬಗ್ಗೆ ಉದ್ದ ಹೇಳಬೇಕಾಗಿಲ್ಲ. ದಿನಾ ಕೀಬೋರ್ಡ್ ಮುಟ್ಟುವವರಿಗೆ ದಿನಾ ಅಭ್ಯಾಸ ಆಗುತ್ತದೆ, ಹಾಗಾಗಿ ಕಲಿತದ್ದು ಹೋಗುವುದೇ ಇಲ್ಲ. ನಾಲ್ಕು ಪ್ಯಾರಾದಲ್ಲಿ ವಿಷಯವನ್ನು ಗೊಂದಲವಿಲ್ಲದೆ ಬರೆಯುವುದೂ ಅದೇ ಸಾಲಿಗೆ ಸೇರುತ್ತದೆ. ಪ್ರಬಂಧ ಬರೆಯಿರಿ ಎಂದಾಗ ಕ್ಲಾಸಿಡೀ ನಿಟ್ಟುಸಿರು ಬಿಡುತ್ತಿತ್ತು. ಆ ಕೆಲಸವೇ ಆಮೇಲೆ ಅರ್ಜಿಯಾಗಿ, ದೂರಾಗಿ, ಇಮೇಲ್ ಆಗಿ ಮತ್ತೆ ಮತ್ತೆ ಎದುರಿಗೆ ಬರುತ್ತದೆ.

ಅಡುಗೆ, ಹೊಲಿಗೆ, ಮರಗೆಲಸದ ಪಾಠಗಳ ಪ್ರಯೋಜನ ನೋಡಲು ಬೇರೆ ಕಣ್ಣು ಬೇಕು. ಜಪಾನಿನ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ಬಹಳ ಕಾಲ ಹುಡುಗಿಯರಿಗೆ ಗೃಹವಿಜ್ಞಾನ, ಹುಡುಗರಿಗೆ ಕೈಗಾರಿಕಾ ಕೆಲಸ ಎಂದು ಕ್ಲಾಸು ಬೇರೆ ಬೇರೆ ಇತ್ತು. 1990ರ ಸುಧಾರಣೆ ಹೈಸ್ಕೂಲಿನ ಕೆಳ ತರಗತಿಗಳಲ್ಲಿ ಈ ಗೋಡೆ ತೆಗೆದು ಇಬ್ಬರಿಗೂ ಎರಡನ್ನೂ ಒಟ್ಟಿಗೆ ಕಲಿಸಿತು. ಈ ಪಾಠ ಓದಿದ ಮೊದಲ ಮಕ್ಕಳು ಮದುವೆಯಾಗಿ ನಲವತ್ತರ ಹತ್ತಿರ ಬಂದಾಗ, 2016ರಲ್ಲಿ, ಅವರ ದಿನ ಹೇಗೆ ಕಳೆಯುತ್ತದೆ ಎಂಬ ಲೆಕ್ಕವನ್ನು ಇಬ್ಬರು ಅರ್ಥಶಾಸ್ತ್ರಜ್ಞೆಯರು ತೆಗೆದು ನೋಡಿದರು. ಗೋಡೆ ಇದ್ದಾಗ ಓದಿದವರಿಗೆ ಹೋಲಿಸಿದರೆ, ಒಟ್ಟಿಗೆ ಕಲಿತ ಹೆಂಗಸರು ಉದ್ಯೋಗದಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿದ್ದರು. ಗಂಡಸರದು ಎನಿಸಿಕೊಂಡ ಕೆಲಸಗಳನ್ನು ವಾರದ ಕೊನೆಯಲ್ಲಿ ಅವರೂ ಮಾಡುತ್ತಿದ್ದರು. ಅವರ ಗಂಡಂದಿರು ವಾರದ ಕೊನೆಯಲ್ಲಿ ಮನೆಗೆಲಸಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದರು. ಹೊಲಿಗೆ ಹಾಕುವುದು ಎಷ್ಟು ಜನಕ್ಕೆ ನೆನಪಿತ್ತೋ ಯಾರು ಬಲ್ಲರು. ಇದು ನನ್ನ ಕೆಲಸ, ಅದು ಅವರ ಕೆಲಸ ಎಂಬ ಗೆರೆ ಹದಿಮೂರನೇ ವಯಸ್ಸಿನಲ್ಲಿ ಸ್ವಲ್ಪ ಅಳಿಸಿತ್ತು, ಅದು ಹಾಗೇ ಉಳಿಯಿತು. ಪರೀಕ್ಷೆಯಲ್ಲಿ ಇದನ್ನು ಅಳೆಯುವ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಇರಲಿಲ್ಲ.

ಈಗ ವೇಳಾಪಟ್ಟಿಯ ಮಾತು. ಹೊಸ ವಿಷಯ ಸೇರಿಸಿ ಎನ್ನುವವರು ಯಾವ ಪೀರಿಯಡ್ ಬಿಟ್ಟುಕೊಡುತ್ತೀರಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ದಿನದಲ್ಲಿ ಪೀರಿಯಡ್‌ಗಳು ಇಷ್ಟೇ. ಹೊಸದು ಬಂದರೆ ಹಳೆಯದರಲ್ಲಿ ಒಂದು ಹೋಗಬೇಕು, ಮೊದಲು ಹೋಗುವುದು ಸಾಮಾನ್ಯವಾಗಿ ಆಟ, ಚಿತ್ರಕಲೆ, ಕೈಕೆಲಸ. ಕಲಿಸುವವರು ಯಾರು ಎನ್ನುವುದು ಇನ್ನೊಂದು. ತೆರಿಗೆ ಪಾಠಕ್ಕೆ ಬೇರೆ ಮೇಷ್ಟ್ರು ಬರುವುದಿಲ್ಲ. ಪೀರಿಯಡ್ ಖಾಲಿ ಇರುವ ಮೇಷ್ಟ್ರ ತಲೆಗೆ ಅದು ಬರುತ್ತದೆ, ಅವರು ಪುಸ್ತಕ ಓದಿ ಹೇಳುತ್ತಾರೆ, ಮಕ್ಕಳು ಉರು ಹೊಡೆಯುತ್ತಾರೆ. ತೆರಿಗೆಯ ವ್ಯಾಖ್ಯಾನ ಬರೆಯಿರಿ, ಎರಡು ಅಂಕ.

ಹಣಕಾಸಿಗೆ ಬೇರೆ ಪುಸ್ತಕ ತರುವ ಬದಲು ಗಣಿತದ ಪುಸ್ತಕದೊಳಗೇ ಒಂದು ಸಾಲದ ಪಟ್ಟಿ ಇಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ಗುಣೋತ್ತರ ಶ್ರೇಢಿ ಹೇಗೂ ಪಾಠದಲ್ಲಿದೆ. 1,00,000 ಸಾಲ, ವರ್ಷಕ್ಕೆ ಶೇ 9 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 900 ಬರುತ್ತದೆ. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 150. ಅಸಲಿನ ಅರ್ಧ ತೀರುವುದು ಯಾವ ವರ್ಷ ಎಂದು ಮಕ್ಕಳನ್ನು ಕೇಳಿ. ಹತ್ತನೇ ವರ್ಷ ಅಂತ ಕ್ಲಾಸಿಗೆ ಕ್ಲಾಸೇ ಹೇಳೀತು. ಪಟ್ಟಿ ಹಾಕಿ ನೋಡಲಿ, ಹದಿನಾಲ್ಕು ಬರುತ್ತದೆ. ಮುಂದಿನ ವರ್ಷ ಅದೇ ಪಟ್ಟಿಯನ್ನು ಲಾಗರಿದಮ್ ಪಾಠದಲ್ಲಿ ಇನ್ನೊಮ್ಮೆ ತರಬಹುದು. ಕಂತಿಗೆ 100 ಜಾಸ್ತಿ ಕಟ್ಟಿದರೆ ಎಷ್ಟು ವರ್ಷ ಉಳಿಯುತ್ತದೆ ಎಂಬ ಲೆಕ್ಕಕ್ಕೆ ಅದು ಬೇಕೇ ಬೇಕು.